338 ಮಿಲಿಮೀಟರ್ ಕಾರ್ಡು, 308 ಮಿಲಿಮೀಟರ್ ಜಾಗ

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಒಂಬತ್ತು ವರ್ಷದಿಂದ ಪಿಸಿ ಬಿಲ್ಡ್ ಮಾಡುತ್ತಿದ್ದೇನೆ. ಹೋದ ವಾರ ಸ್ಟಾಕ್ ಎಣಿಸುವಾಗ ಓನರ್ ಎಲ್ಲರ ಎದುರೇ ಕೇಳಿದರು, "ಏನಪ್ಪಾ, ಟೇಪ್ ಇದೆಯಾ ಜೇಬಲ್ಲಿ?" ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ, ಒಳಗೆ ಉರಿಯುತ್ತಿತ್ತು. ಆ ಅಳತೆ ಟೇಪಿನ ಕಥೆ ಒಂದ್ಸಲ ಬರೆದುಬಿಟ್ಟರೆ ನನಗಾದರೂ ಸಮಾಧಾನ.

2025ರ ಜುಲೈ, ಶನಿವಾರ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹನ್ನೆರಡರ ಹೊತ್ತಿಗೆ ಚಿತ್ರದುರ್ಗದ ಒಬ್ಬ ಹುಡುಗ ಬಂದ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬಹುದು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ನೋಟ್‌ಬುಕ್ ಹಾಳೆ, ಅದರ ತುಂಬ ಪಾರ್ಟಿನ ಹೆಸರು, ಪಕ್ಕದಲ್ಲಿ ರೇಟು, ಕೆಲವು ಕಡೆ ಹೊಡೆದು ಹಾಕಿ ಮತ್ತೆ ಬರೆದಿದ್ದ. ಬಜೆಟ್ ಒಂದು ಲಕ್ಷ ಎಂಬತ್ತು ಸಾವಿರ. ಮಾನಿಟರ್ ಮನೆಯಲ್ಲಿದೆ, ಟೂ-ಕೆ, 165 ಹರ್ಟ್ಸ್. ರಾತ್ರಿ ಒಂಬತ್ತೂವರೆ ಬಸ್ಸಿಗೆ ಮೆಜೆಸ್ಟಿಕ್‌ನಿಂದ ವಾಪಸ್ ಹೊರಡಬೇಕು, ಪಿಸಿ ಜೊತೆಯಲ್ಲೇ.

ಹಾಳೆಯಲ್ಲಿ ಎಲ್ಲವೂ ಪಕ್ಕಾ ಇತ್ತು. ಗ್ರಾಫಿಕ್ಸ್ ಕಾರ್ಡ್ ಅನ್ನೋ ಕಡೆ ಮಾತ್ರ ಎರಡು ಹೆಸರು, ನಡುವೆ ಪ್ರಶ್ನಾರ್ಥಕ ಚಿಹ್ನೆ. ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ, ಎನ್ವಿಡಿಯಾದ ಆರ್‌ಟಿಎಕ್ಸ್ 5070 ಟಿಐ.

ಈ ಪ್ರಶ್ನೆ ಬಂದರೆ ನನಗೆ ಹಬ್ಬ. ಎರಡರಲ್ಲೂ 16 ಜಿಬಿ. ಒಂದು 304 ವಾಟ್, ಇನ್ನೊಂದು 300. ಎರಡಕ್ಕೂ ಕಂಪನಿ ಹೇಳೋದು 750 ವಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಮಾಮೂಲಿ ಗೇಮುಗಳಲ್ಲಿ ಕೂದಲೆಳೆ ಅಂತರ. ಅಮೆರಿಕದಲ್ಲಿ ಬಿಡುಗಡೆಯಾದಾಗ 599 ಡಾಲರ್ ಮತ್ತು 749 ಡಾಲರ್. ನಮ್ಮ ಅಂಗಡಿಯಲ್ಲಿ ಅವತ್ತಿನ ರೇಟು 68 ಸಾವಿರ ಮತ್ತು 83 ಸಾವಿರ. ಬರೀ ಗೇಮ್ ಆಡುವವರಾದರೆ ನಾನು ಸುಮ್ನೆ 9070 ಎಕ್ಸ್‌ಟಿ ಕೊಟ್ಟು, ಉಳಿದ ಹದಿನೈದು ಸಾವಿರದಲ್ಲಿ ಒಳ್ಳೆ ಎಸ್‌ಎಸ್‌ಡಿಯೋ ಕುರ್ಚಿಯೋ ತಗೊಳ್ಳಿ ಅಂತೀನಿ. ವ್ಯಾಲರಂಟ್ ಥರದ ಹಗುರ ಗೇಮ್ ಆಡೋದಕ್ಕೆ 83 ಸಾವಿರದ ಕಾರ್ಡು ಅಂದ್ರೆ ಅರ್ಧ ಲೀಟರ್ ಹಾಲು ತರೋಕೆ ಲಾರಿ ತಗೊಂಡು ಹೋದ ಹಾಗೆ.

ಆದರೆ ಈ ಹುಡುಗ ಸಂಜೆ ಹೊತ್ತು ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್ ಕಲಿಯುತ್ತಿದ್ದ. ಅದರ ಸೈಕಲ್ಸ್ ಎಂಜಿನ್‌ನಲ್ಲಿ ಚಿತ್ರ ರೆಂಡರ್ ಮಾಡೋ ವಿಷಯಕ್ಕೆ ಬಂದರೆ ಎನ್ವಿಡಿಯಾದ ಆಪ್ಟಿಕ್ಸ್ ತಂತ್ರಜ್ಞಾನದ ಮುಂದೆ ಎಎಂಡಿ ಇನ್ನೂ ಹಿಂದೆಯೇ. ಜೊತೆಗೆ ಸೈಬರ್‌ಪಂಕ್ ಗೇಮನ್ನು ಪಾತ್ ಟ್ರೇಸಿಂಗ್ (ಬೆಳಕನ್ನು ನಿಜದ ಹಾಗೆ ತೋರಿಸುವ ಭಾರಿ ಗ್ರಾಫಿಕ್ಸ್) ಹಾಕಿ ನೋಡಬೇಕು ಅನ್ನೋ ಆಸೆ ಬೇರೆ. ಹಾಗಾಗಿ 5070 ಟಿಐ ಅಂದೆ. ಒಂದು ಗಂಟೆ ಕೂತು ಎರಡೂ ಕಡೆ ತೂಗಿ ಹೇಳಿದೆ. ಅವನು ಹಾಳೆಯಲ್ಲಿ ಇನ್ನೊಂದು ಹೆಸರನ್ನು ಹೊಡೆದು ಹಾಕಿದ. ಇಲ್ಲಿವರೆಗೆ ನಾನು ಮಾಡಿದ್ದು ಸರಿ. ಇವತ್ತು ಕೇಳಿದರೂ ಅದೇ ಹೇಳುತ್ತೇನೆ.

ಕೆಟ್ಟಿದ್ದು ಆಮೇಲೆ.

5070 ಟಿಐ ಅಂತ ತೀರ್ಮಾನ ಆದ ಮೇಲೂ ಯಾವ ಮಾಡೆಲ್ ಅನ್ನೋದು ಬಾಕಿ ಇರುತ್ತೆ. ನಮ್ಮಲ್ಲಿ ಎರಡಿತ್ತು. ಸಾದಾದು 83 ಸಾವಿರ, 304 ಮಿಲಿಮೀಟರ್ ಉದ್ದ, ಲೈಟು ಗೀಟು ಏನೂ ಇಲ್ಲ. ಓಸಿ (ಓವರ್‌ಕ್ಲಾಕ್, ಕಂಪನಿಯೇ ವೇಗ ಏರಿಸಿ ಕೊಡೋದು) ಮಾಡೆಲ್ 92 ಸಾವಿರ, 338 ಮಿಲಿಮೀಟರ್, ಕೈಯಲ್ಲಿ ಹಿಡಿದರೆ ಮಗುವನ್ನು ಎತ್ತಿಕೊಂಡ ಹಾಗೆ. ಒಳಗಿನ ಚಿಪ್ ಒಂದೇ, ಮೆಮರಿ ಒಂದೇ. ಎನ್ವಿಡಿಯಾ ಹೇಳುವ ಬೂಸ್ಟ್ ಕ್ಲಾಕ್ 2,452 ಮೆಗಾಹರ್ಟ್ಸ್, ಓಸಿಯಲ್ಲಿ 2,580ರ ಆಸುಪಾಸು. ನಮ್ಮ ಟೆಸ್ಟ್ ಬೆಂಚ್ ಮೇಲೆ ಸಾದಾದು 118 ಎಫ್‌ಪಿಎಸ್ (ಸೆಕೆಂಡಿಗೆ ಅಷ್ಟು ಫ್ರೇಮ್) ಕೊಟ್ಟರೆ ಓಸಿ 121 ಕೊಡುತ್ತಿತ್ತು. ಫ್ಯಾನ್ ಸದ್ದು ದೊಡ್ಡದರಲ್ಲಿ ಸ್ವಲ್ಪ ಕಮ್ಮಿ, ಅದು ನಿಜ.

ಹುಡುಗ ಚಿಕ್ಕದನ್ನೇ ತೋರಿಸಿದ. "ಇದು ಸಾಕಲ್ವಾ ಅಣ್ಣ?"

ಸಾಕು ಅಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಆ ತಿಂಗಳು ದೊಡ್ಡ ಮಾಡೆಲಿಗೆ ಪೀಸಿಗೆ 800 ಇನ್ಸೆಂಟಿವ್. ಜೊತೆಗೆ ಡಿಸ್ಟ್ರಿಬ್ಯೂಟರ್ ಕಾರ್ಡ್ ಕೊಡಬೇಕಾದರೆ ಅವರ ಹತ್ತಿರ ಕೊಳೆಯುತ್ತಿದ್ದ 360 ಎಐಒಗಳನ್ನೂ (ಪ್ರೊಸೆಸರ್ ತಣ್ಣಗಿಡುವ, ಮೂರು ಫ್ಯಾನಿನ ಲಿಕ್ವಿಡ್ ಕೂಲರ್) ನಮ್ಮ ತಲೆಗೆ ಕಟ್ಟಿದ್ದರು. ವಾಟ್ಸ್ಯಾಪ್ ಗ್ರೂಪಿನಲ್ಲಿ ಓನರ್ ದಿನಾ ಬೆಳಿಗ್ಗೆ ಹಾಕುತ್ತಿದ್ದದ್ದು ಎರಡೇ ಸಾಲು: ಓಸಿ ಎಷ್ಟು ಹೋಯ್ತು, ಎಐಒ ಎಷ್ಟು ಹೋಯ್ತು.

ಹುಡುಗನ ಹಾಳೆಯಲ್ಲಿ ಪ್ರೊಸೆಸರ್ 7800 ಎಕ್ಸ್‌ಥ್ರೀಡಿ, ಕೂಲರ್ ಮೂರು ಸಾವಿರದ ಏರ್ ಕೂಲರ್. ಆ ಪ್ರೊಸೆಸರಿಗೆ ಅದು ಧಾರಾಳವಾಗಿ ಸಾಕು, ನನಗೆ ಗೊತ್ತು. ಗೊತ್ತಿದ್ದೂ ಹತ್ತು ಸಾವಿರದ ಎಐಒ ಹಾಕಿಸಿದೆ. ಆಮೇಲೆ ದೊಡ್ಡ ಕಾರ್ಡನ್ನು ಡೆಮೊ ಮಾನಿಟರ್ ಮುಂದೆ ಇಟ್ಟು, "ಐದು ವರ್ಷ ಇಟ್ಕೋತೀರ, ಥರ್ಮಲ್ಸ್ ಮುಖ್ಯ ಅಲ್ವಾ, ಬಿಸಿ ಆಗಬಾರದು" ಅಂತ ಶುರು ಮಾಡಿದೆ. ಹದಿನಾರು ಸಾವಿರ ಜಾಸ್ತಿಯಾಯಿತು. ಅವನು ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಒಂದು ಕಿವಿ ಮುಚ್ಚಿಕೊಂಡು, ಅಮ್ಮನಿಗೆ ಫೋನ್ ಮಾಡಿದ. ಹತ್ತು ನಿಮಿಷಕ್ಕೆ ಅವನ ಅಕೌಂಟಿಗೆ ದುಡ್ಡು ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ಒಂಥರಾ ಆಗುತ್ತದೆ.

ಬಿಲ್ಲಿಂಗ್ ಮುಗಿಸುವಾಗ ಕೇಳಿದ, "ಆರ್‌ಒಪಿ ಚೆಕ್ ಮಾಡಿ ಕೊಡ್ತೀರಾ?" ಹೋಮ್‌ವರ್ಕ್ ಮಾಡಿಕೊಂಡೇ ಬಂದಿದ್ದ. ಆ ವರ್ಷ ಫೆಬ್ರವರಿಯಲ್ಲಿ ಕೆಲವು 50 ಸೀರೀಸ್ ಕಾರ್ಡುಗಳಲ್ಲಿ ಆರ್‌ಒಪಿ (ಚಿತ್ರವನ್ನು ಕೊನೆಗೆ ಪಿಕ್ಸೆಲ್ ಆಗಿ ಬರೆಯುವ ಚಿಪ್ಪಿನ ಭಾಗ) ಕಮ್ಮಿ ಇದೆ ಅಂತ ಎನ್ವಿಡಿಯಾವೇ ಒಪ್ಪಿಕೊಂಡಿತ್ತು. 5070 ಟಿಐನಲ್ಲಿ 96 ಇರಬೇಕಾದ ಕಡೆ 88. ಅರ್ಧ ಪರ್ಸೆಂಟ್ ಕಾರ್ಡುಗಳಲ್ಲಿ, ಸರಾಸರಿ 4 ಪರ್ಸೆಂಟ್ ವೇಗ ಕಮ್ಮಿ ಅಂದಿದ್ದರು. ಆ 4 ಪರ್ಸೆಂಟಿಗೆ ಊರೆಲ್ಲ ಬೊಬ್ಬೆ ಹೊಡೆಯಿತು. ನಾನು ಎರಡೂವರೆ ಪರ್ಸೆಂಟ್ ಜಾಸ್ತಿ ಕೊಡ್ತೀನಿ ಅಂತ ಒಂಬತ್ತು ಸಾವಿರ ವಸೂಲಿ ಮಾಡಿ ಕೂತಿದ್ದೆ.

ಬಿಲ್ಡ್ ಶುರುವಾದಾಗ ಮೂರೂವರೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಸಲೀಸು. ಆ ಕ್ಯಾಬಿನೆಟ್ಟಿನ ಮೇಲ್ಗಡೆ 240, ಅಂದರೆ ಎರಡು ಫ್ಯಾನಿನದು, ಮಾತ್ರ ಕೂರುತ್ತೆ, ಹಾಗಾಗಿ ಎಐಒದ 360 ರೇಡಿಯೇಟರನ್ನು ಮುಂದೆ ಹಾಕಿದೆ. ಕೇಬಲ್ ಎಲ್ಲ ಹಿಂದಿನಿಂದ ತಂದು ಜಿಪ್ ಟೈ ಹಾಕಿ ಚೆಂದ ಮಾಡಿದೆ. ಕೇಬಲ್ ಮ್ಯಾನೇಜ್‌ಮೆಂಟ್ ವಿಷಯದಲ್ಲಿ ನನಗೆ ಸ್ವಲ್ಪ ಗರ್ವ. ಆರು ಗಂಟೆಗೆ ಕಾರ್ಡಿನ ಡಬ್ಬದ ಸೀಲ್ ಕತ್ತರಿಸಿದೆ.

ಕ್ಯಾಬಿನೆಟ್ ಮಲಗಿಸಿ ಕಾರ್ಡ್ ಇಳಿಸಿದೆ. ಬ್ರಾಕೆಟ್ ಕಡೆ ಇನ್ನೂ ಮೂರು ಸೆಂಟಿಮೀಟರ್ ಹೊರಗಿದೆ, ಬಾಲದ ಕಡೆ 'ಟಕ್' ಅಂತ ರೇಡಿಯೇಟರ್ ಫ್ಯಾನಿಗೆ ತಾಗಿತು. ಓರೆ ಮಾಡಿ ನೋಡಿದೆ. ಟಕ್. ಎತ್ತಿ ಇನ್ನೊಂದು ಕಡೆಯಿಂದ ಇಳಿಸಿದೆ. ಟಕ್. ಹುಡುಗ ಕೌಂಟರಿನ ಆಚೆಯಿಂದ ಬಗ್ಗಿ ನೋಡುತ್ತಿದ್ದ. ನಾನು ಏನೋ ಸ್ಕ್ರೂ ಅಡ್ಡ ಬಂದಿದೆ ಅನ್ನೋ ಹಾಗೆ ಮುಖ ಮಾಡಿ ಟಾರ್ಚ್ ಹಾಕಿದೆ. ಸ್ಕ್ರೂ ಇರಲಿಲ್ಲ. ಲೆಕ್ಕ ಇತ್ತು.

ಕ್ಯಾಬಿನೆಟ್ ಡಬ್ಬದ ಮೇಲೆ ಜಿಪಿಯು ಕ್ಲಿಯರೆನ್ಸ್ (ಗ್ರಾಫಿಕ್ಸ್ ಕಾರ್ಡಿಗೆ ಇರುವ ಜಾಗ) 360 ಮಿಲಿಮೀಟರ್ ಅಂತ ದೊಡ್ಡದಾಗಿ ಬರೆದಿದ್ದರು. 360ರಲ್ಲಿ 338 ಆರಾಮ ಅಂತ ಮಧ್ಯಾಹ್ನ ಮನಸ್ಸಿನಲ್ಲೇ ಪಾಸ್ ಮಾಡಿದ್ದೆ. ಆದರೆ ಆ 360 ಮುಂದೆ ಏನೂ ಇಲ್ಲದಿದ್ದಾಗ. ರೇಡಿಯೇಟರ್ ದಪ್ಪ 27, ಫ್ಯಾನ್ 25. ಒಟ್ಟು 52. ಉಳಿದದ್ದು 308. ಒಂಬತ್ತು ವರ್ಷದಲ್ಲಿ ಹೊಸ ಹುಡುಗರಿಗೆ ಇದೇ ಲೆಕ್ಕ ಎಷ್ಟು ಸಲ ಹೇಳಿಕೊಟ್ಟಿದ್ದೇನೋ.

ತಪ್ಪು ಒಪ್ಪಿಕೊಳ್ಳುವ ಬದಲು ಇನ್ನೊಂದು ತಪ್ಪು ಮಾಡಿದೆ. ಫ್ಯಾನುಗಳನ್ನು ಫ್ರೇಮಿನ ಆಚೆ, ಮೆಶ್ ಪ್ಯಾನೆಲಿಗೂ ಫ್ರೇಮಿಗೂ ನಡುವಿನ ಸಂದಿಗೆ ಹಾಕಿದರೆ 25 ಉಳಿಯುತ್ತೆ ಅಂತ ಹೊಳೆಯಿತು. ಮುಂದಿನ ಪ್ಯಾನೆಲ್ ಕಿತ್ತು, ಹನ್ನೆರಡು ಉದ್ದ ಸ್ಕ್ರೂ ಬಿಚ್ಚಿ, ಮೂರು ಫ್ಯಾನ್ ಆಚೆ ಸಾಗಿಸಿ, ಹನ್ನೆರಡು ಸ್ಕ್ರೂ ಮತ್ತೆ ಹಾಕಿದೆ. ನಲವತ್ತು ನಿಮಿಷ. ಬೆವರು ಮೂಗಿನ ತುದಿಯಿಂದ ಬೋರ್ಡ್ ಮೇಲೆ ಬೀಳದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೆಲಸ. ಆಮೇಲೆ ಕಾರ್ಡ್ ಇಳಿಸಿದೆ.

ಟಕ್.

360ರಲ್ಲಿ 27 ಕಳೆದರೆ 333. ಐದು ಮಿಲಿಮೀಟರ್ ಸಾಲದು. ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ಕಾಗದದ ಮೇಲೆ ಕಳೆಯಬಹುದಿತ್ತು. ಒಂದನೇ ಕ್ಲಾಸಿನ ಲೆಕ್ಕ. ಅಷ್ಟರಲ್ಲಿ ಬೆಳಿಗ್ಗೆಯಿಂದ ಟೀ ತರುತ್ತಿದ್ದ ಹೊಸ ಹುಡುಗ ಪಕ್ಕದಲ್ಲಿ ನಿಂತು ಮೆಲ್ಲಗೆ, "ಅಣ್ಣ, ಟೇಪ್ ಬೇಕಾ?" ಅಂದ. ವ್ಯಂಗ್ಯ ಅಲ್ಲ, ನಿಜವಾಗಲೂ ಸಹಾಯಕ್ಕೆ ಅಂತಲೇ ಕೇಳಿದ. ಅದು ಓನರ್ ಕಿವಿಗೆ ಬಿತ್ತು.

ಏಳೂ ಕಾಲು. ಓನರ್ ಬಂದು ನೋಡಿ, ಎಐಒ ತೆಗೆದು ಏರ್ ಕೂಲರ್ ಹಾಕು, ದೊಡ್ಡ ಕಾರ್ಡ್ ಕೂರುತ್ತೆ ಅಂದರು. ಸರಿಯಾದ ಮಾತೇ. ಡಬ್ಬ ಒಡೆದ ಕಾರ್ಡಿಗಿಂತ ಡಬ್ಬ ಒಡೆದ ಎಐಒದಲ್ಲಿ ನಷ್ಟ ಕಮ್ಮಿ. ಆದರೆ ಹುಡುಗ ಅಲ್ಲಿವರೆಗೆ ಸುಮ್ಮನಿದ್ದವನು ಬಾಯಿ ಬಿಟ್ಟ. "ಎರಡೂ ಬೇಡ ಅಣ್ಣ. ನಾನು ಬರ್ಕೊಂಡು ಬಂದಿದ್ದೇ ಕೊಡಿ. ಅಮ್ಮನ ದುಡ್ಡು ವಾಪಸ್ ಹಾಕಿಬಿಡಿ." ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ.

ಕೊನೆಗೆ ಹಗ್ಗ ಜಗ್ಗಾಡಿ ಆದ ಒಪ್ಪಂದ ಇದು. ಎಐಒ ತೆಗೆದು ಮತ್ತೆ ಪೇಸ್ಟ್ ಒರೆಸಿ ಕೂರಲು ಹೊತ್ತಿಲ್ಲ, ಹಾಗಾಗಿ ಅದನ್ನು ಏರ್ ಕೂಲರ್ ರೇಟಿಗೇ ಬಿಡೋದು. ಕಾರ್ಡು ಸಾದಾದು. ಹದಿನಾರು ಸಾವಿರ ವಾಪಸ್. ಓನರ್ ನನ್ನ ಕಡೆ ನೋಡಿದ ನೋಟಕ್ಕೆ ಥರ್ಮಲ್ ಪೇಸ್ಟ್ ಒಣಗಿಹೋಗಬೇಕು.

ಫ್ಯಾನುಗಳನ್ನು ಮತ್ತೆ ಒಳಗೆ ಹಾಕಿ (ಇನ್ನೂ ಹನ್ನೆರಡು ಸ್ಕ್ರೂ ಬಿಚ್ಚಿ, ಹನ್ನೆರಡು ಹಾಕಿ) 304 ಮಿಲಿಮೀಟರ್ ಕಾರ್ಡನ್ನು 308ರಲ್ಲಿ ಇಳಿಸಿದೆ. ನಾಲ್ಕು ಮಿಲಿಮೀಟರ್ ಸಂದಿ. ಹುಡುಗ ತನ್ನ ಎಟಿಎಂ ಕಾರ್ಡ್ ತೂರಿಸಿ ನೋಡಿ ಮೊದಲ ಸಲ ನಕ್ಕ. ಕಾರ್ಡಿನ 16 ಪಿನ್ ಪವರ್ ಕೇಬಲ್ ಪೂರ್ತಿ ಒಳಗೆ ಹೋಗಿ ಕ್ಲಿಕ್ ಆಗೋದನ್ನು ಅವನಿಂದಲೇ ಮಾಡಿಸಿದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದೆ: ಆರ್‌ಒಪಿ 96. ಆಫ್ಟರ್‌ಬರ್ನರ್‌ನಲ್ಲಿ ಕೋರ್ ಕ್ಲಾಕ್ 200 ಮೆಗಾಹರ್ಟ್ಸ್ ಏರಿಸಿ ಅದೇ ಬೆಂಚ್‌ಮಾರ್ಕ್ ಓಡಿಸಿದೆ. 122. ದೊಡ್ಡ ಕಾರ್ಡಿನ 121ಕ್ಕಿಂತ ಒಂದು ಜಾಸ್ತಿ. ಇಷ್ಟಕ್ಕೆ ಎರಡು ನಿಮಿಷ ಹಿಡಿಯಿತು. ಹುಡುಗ ಸ್ಕ್ರೀನ್ ನೋಡಿದ, ನನ್ನನ್ನು ನೋಡಿದ, ಏನೂ ಅನ್ನಲಿಲ್ಲ.

ಬಸ್ಸಿಗೆ ಕಳಿಸುವಾಗ ಕಾರ್ಡ್ ತೆಗೆದು ಅದರ ಡಬ್ಬದಲ್ಲೇ ಬೇರೆ ಪ್ಯಾಕ್ ಮಾಡಿ ಕೊಟ್ಟೆ. ಈ ತೂಕದ ಕಾರ್ಡನ್ನು ಸ್ಲಾಟಿನಲ್ಲೇ ಬಿಟ್ಟು ಡಿಕ್ಕಿಗೆ ಹಾಕಿದರೆ ತಲುಪುವ ಹೊತ್ತಿಗೆ ಸ್ಲಾಟ್ ಕಿತ್ತು ಬಂದಿರುತ್ತೆ, ಇಲ್ಲ ಬೋರ್ಡ್ ಬಿರುಕು ಬಿಟ್ಟಿರುತ್ತೆ. ನೋಡಿದ್ದೇನೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೊ ಕಾಲ್. "ಅಣ್ಣ, ಗೇಮಲ್ಲಿ ಹನ್ನೆರಡು ಎಫ್‌ಪಿಎಸ್ ಬರ್ತಿದೆ."

ನನ್ನ ಎದೆ ಧಸಕ್ ಅಂತು. ಬಸ್ಸಲ್ಲಿ ಏಟು ತಿಂದಿತಾ? ನಾಲ್ಕು ಮಿಲಿಮೀಟರ್ ಸಂದಿಯಲ್ಲಿ ಇಳಿಸುವಾಗ ಸ್ಲಾಟ್ ಮುರಿದನಾ? 16 ಪಿನ್ ಅರ್ಧ ಕೂತಿದೆಯಾ? ಕಾರ್ಡ್ ತೆಗೆಸಿದೆ, ಹಾಕಿಸಿದೆ. ಕೇಬಲ್ ತೆಗೆಸಿದೆ, ಹಾಕಿಸಿದೆ. ಸ್ಲಾಟಿಗೆ ಟಾರ್ಚ್ ಬಿಡಿಸಿದೆ. ಅರ್ಧ ಗಂಟೆ. ಮತ್ತೆ ಅದೇ ಹನ್ನೆರಡು. ಇವನು ವಾಪಸ್ ತಗೊಂಡು ಬಂದರೆ ಓನರ್‌ಗೆ ಏನು ಹೇಳಲಿ ಅಂತ ಯೋಚಿಸುತ್ತಾ, "ಒಂದ್ಸಲ ಹಿಂದುಗಡೆ ತೋರಿಸಿ" ಅಂದೆ.

ಫೋನ್ ಹಿಂದಕ್ಕೆ ಹೋಯಿತು. ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಎಚ್‌ಡಿಎಂಐನಲ್ಲಿ ಚೆನ್ನಾಗಿ ಕೂತಿತ್ತು. ಪ್ರೊಸೆಸರ್ ಒಳಗಿನ ಪುಟಾಣಿ ಗ್ರಾಫಿಕ್ಸ್ ಪಾಪ ಒಂದೇ ಅಷ್ಟೂ ಹೊತ್ತು ಸೈಬರ್‌ಪಂಕ್ ಎಳೆಯುತ್ತಿತ್ತು. 83 ಸಾವಿರದ ಕಾರ್ಡು ಕೆಳಗೆ ತಣ್ಣಗೆ ಮಲಗಿತ್ತು.

"ಅದನ್ನ ಕೆಳಗಡೆ ಹಾಕಿ," ಅಂದೆ.

"ಓ," ಅಂದ. ಆಮೇಲೆ ಕೇಳಿದ, "ಇದನ್ನ ಮೊದಲೇ ನೋಡಬಹುದಿತ್ತಲ್ವಾ ಅಣ್ಣ?"

ದೊಡ್ಡ ಕಾರ್ಡು ಈಗಲೂ ನಮ್ಮ ಡೆಮೊ ಪಿಸಿಯಲ್ಲಿದೆ. ಆ ತಿಂಗಳ ಇನ್ಸೆಂಟಿವ್ ಪೂರ್ತಿ ಹೋಯಿತು. ಟೇಪನ್ನು ಓನರ್ ದಾರ ಕಟ್ಟಿ ನನ್ನ ಟೇಬಲ್ಲಿಗೇ ನೇತು ಹಾಕಿಸಿದ್ದಾರೆ. ಎಐಒ ಟಾರ್ಗೆಟ್ ಮಾತ್ರ ಈ ತಿಂಗಳೂ ಇದೆ.