ದಾಭೋಳಕ್ಕ ಬೋಟಿನ್ಯಾಗ

ನಮ್ಮ ಬೀದರ್ ಮಂದಿಗಿ ನೀರಂದ್ರ ಮಾಂಜ್ರಾ, ಕಾರಂಜಾ ಡ್ಯಾಮು, ಅಷ್ಟೇ ನೋಡ್ರಿ. ಮೊನ್ನಿ ಕೊಂಕಣದಾಗ ಹರ್ಣೆಯಿಂದ ಪರಿಚಯದವರ ಮೀನಿನ ಬೋಟ್ ಹತ್ತಿ ದಂಡಿ ಹಿಡ್ಕೊಂಡೇ ದಾಭೋಳಕ್ಕ ಹೊಂಟಿದ್ದೆವ್, ಅರ್ಧ ತಾಸಿನ್ಯಾಗೇ ನನ್ನ ಹೊಟ್ಟಿ ತಿರುಗಿ ಮುಂಜಾನಿ ತಿಂದಿದ್ದೆಲ್ಲಾ ಸಮುದ್ರಕ್ಕ ಅರ್ಪಣ, ಬೋಟಿನ ಕಾಕಾ ನಕ್ಕೋತ ಅರ್ಧ ನಿಂಬಿಹಣ್ಣು ಕೈಯಾಗಿಟ್ಟು ಮೂಸು ಅಂದ್ರು, ಕೆಳಗ ನೋಡಬ್ಯಾಡ, ದೂರದ ಗುಡ್ಡಾ ನೋಡು ಅಂತ ಮರಾಠಿಯಾಗೇ ಬೈದ್ರು. ವಾಶಿಷ್ಠಿ ನದಿ ಬಾಯಿಗಿ ತಿರುಗಿದ ಮ್ಯಾಲ ನೀರು ಸುಮ್ಮನಾತು. ದಂಡಿಗಿ ಆದಿಲ್‌ಶಾಹಿ ಕಾಲದ ಕಲ್ಲಿನ ಮಸೀದಿ, ಅದರ ಬಾಜೂಕೇ ಮೀನು ಹಿಡಿಯೋ ಬಲಿ ಒಣಗಹಾಕ್ಯಾರ, ಒಣಮೀನಿನ ವಾಸ್ನಿ.

ಇರಾನಿನ ಗೀಲಾನ್ ಕಡಿಯಿಂದ ಮಹ್ಮೂದ್ ಗವಾನ್ 1453ರಾಗ ಹಡಗದಿಂದ ಇಳಿದಿದ್ದು ಇದೇ ಬಂದರಕ್ಕ. ವ್ಯಾಪಾರಕ್ಕ ಬಂದಾಂವ, ನಮ್ಮೂರಿಗಿ ಬಂದು ಬಹಮನಿ ವಜೀರಾದ. ಅವನ ಮದರಸಾದ ಮುಂದ ದಿನಾ ಸ್ಕೂಟಿ ನಿಲ್ಲಿಸಿ ಚಾ ಕುಡಿತೀನಿ, ಆ ನೀಲಿ ಹೆಂಚು ನೋಡಿ ನೋಡಿ ಸಾಕಾಗ್ಯಾದ ಖರೇ, ಆದ್ರ ಆ ಮನುಷ್ಯಾಗೂ ಹಿಂಗೇ ವಾಂತಿ ಆಗಿತ್ತೇನೋ, ಯಾರು ನಿಂಬಿಹಣ್ಣು ಕೊಟ್ರೇನೋ ಅಂತ ಅವತ್ತೇ ಮೊದಲ ಸಲ ಅನಸ್ತು.

ವಾಪಸ್ ಬರಾಗ ಕಾಕಾ ಎಷ್ಟು ಕರದ್ರೂ ಬೋಟ್ ಹತ್ತಲಿಲ್ಲ, ಬಸ್ಸಿಗೇ ಬಂದೆ.