ವಾಟ ನೋಡುತ್ತಾ ಸೈಕಲ್ ತುಳಿದದ್ದು

2024 ಜೂನ್ 10, ಸೋಮವಾರ
ಪೊಂತಿವಿ, ಬ್ರಿಟನಿ, ಫ್ರಾನ್ಸ್

ಮಂಡಿ ಎರಡೂ ಹಿಡಿದುಕೊಂಡಿವೆ. ಇವತ್ತು ಜೊಸ್ಲಾಂನಿಂದ ಇಲ್ಲಿಗೆ ಸುಮಾರು 50 ಕಿ.ಮೀ. ತುಳಿದೆವು. ನಿವೃತ್ತಿಯಾದ ಮೇಲೆ ಇಷ್ಟು ದೂರ ಸೈಕಲ್ ತುಳಿದದ್ದು ಇದೇ ಮೊದಲು. ಅದಕ್ಕೆ ಮುಂಚೆಯೂ ಇಲ್ಲ ಎನ್ನಿ, ಆಗ ಜೀಪಿತ್ತು.

ನಾಂತ್‌ನಲ್ಲಿ ಓದುತ್ತಿರುವ ಮಗಳು ಎರಡು ಸೈಕಲ್ ಬಾಡಿಗೆಗೆ ತಂದು, ರೈಲಿಗೆ ಹತ್ತಿಸಿ, ಶನಿವಾರ ರದೊಂ ಊರಿನಲ್ಲಿ ನನ್ನನ್ನು ಇಳಿಸಿದ್ದಳು. ಅಲ್ಲಿಂದ ಮೂರು ದಿನ ನಾಂತ್-ಬ್ರೆಸ್ಟ್ ನಾಲೆಯ ಏರಿಯ ಮೇಲೆಯೇ ಸವಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಹುಲ್ಲುಗಾವಲು, ಮೆಕ್ಕೆಜೋಳದ ಎಳೆ ಪೈರು, ಓಕ್ ಮರಗಳು. ಕಾರು, ಬೈಕು, ಲಾರಿ ಯಾವುದೂ ಈ ದಾರಿಗೆ ಬರುವಂತಿಲ್ಲ. ಡಾಂಬರು ರಸ್ತೆ ಅಡ್ಡ ಬಂದ ಕಡೆ ಮರದ ಗೂಟ, ಇಲ್ಲವೇ ತಡೆಗಂಬಿ ನೆಟ್ಟಿದ್ದಾರೆ. ಸೈಕಲ್ ನುಸುಳುತ್ತದೆ, ಕಾರು ನುಸುಳದು. ಆದರೂ ಮೊದಲ ದಿನವೆಲ್ಲ ನಾನು ಎಡಕ್ಕೆ ಒತ್ತಿಕೊಂಡು, ಪ್ರತಿ ಐದು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದೆ. ಇಲ್ಲಿ ಬಲಕ್ಕೆ ಹೋಗಬೇಕು ಎಂಬುದು ಬೇರೆ ಮಾತು. ‘ಅಪ್ಪಾಜಿ, ಹಿಂದೆ ಯಾರೂ ಇಲ್ಲ, ನಾನೊಬ್ಬಳೇ ಇದ್ದೇನೆ’ ಎಂದು ಮಗಳು ಎಷ್ಟು ಸಲ ಹೇಳಿದಳೋ.

ನಿನ್ನೆ ರಾತ್ರಿ ನಾವು ಉಳಿದಿದ್ದ ಮನೆಯವರು ಟಿ.ವಿ. ಮುಂದಿನಿಂದ ಏಳಲೇ ಇಲ್ಲ. ಯುರೋಪಿನ ಚುನಾವಣೆಯ ಫಲಿತಾಂಶ ನೋಡಿ ಅಧ್ಯಕ್ಷ ಮ್ಯಾಕ್ರಾನ್ ಸಂಸತ್ತಿನ ಕೆಳಮನೆಯನ್ನೇ ವಿಸರ್ಜಿಸಿಬಿಟ್ಟರಂತೆ. ಅತ್ತ ದೆಹಲಿಯಲ್ಲಿ ಅದೇ ದಿನ ಮೋದಿ ಸರ್ಕಾರದ ಪ್ರಮಾಣವಚನ, ಇತ್ತ ವಿಸರ್ಜನೆ. ಬೆಳಿಗ್ಗೆ ನದಿಯ ಅಂಚಿಗೆ ಇಳಿದರೆ ಎರಡರ ಸುಳಿವೂ ಇರಲಿಲ್ಲ. ಉಸ್ಟ್ ನದಿಯ ನೀರಿನಲ್ಲಿ ಜೊಸ್ಲಾಂ ಕೋಟೆಯ ಮೂರು ಗೋಪುರಗಳು ತಲೆಕೆಳಗಾಗಿ ನಿಂತಿದ್ದವು. ಮಗಳು ಫೋಟೊ ತೆಗೆದಳು. ನಾನು ಬಗ್ಗಿ ನೆಲ ನೋಡುತ್ತಿದ್ದೆ.

ನನ್ನ ಹಣೆಬರಹವೇ ಅದು. ಭದ್ರಾ ನಾಲೆಗಳ ಏರಿಯ ಮೇಲೆ ವರ್ಷಗಟ್ಟಲೆ ಓಡಾಡಿದವನಿಗೆ ನಾಲೆ ಕಂಡರೆ ಮೊದಲು ಏರಿ ಕಾಣುತ್ತದೆ, ಆಮೇಲೆ ನೀರು, ಕೋಟೆಗೀಟೆ ಕೊನೆಗೆ. ಈ ದಾರಿಗೆ ಹಾಸಿರುವುದನ್ನು ಇವರು ‘ಸ್ತಾಬಿಲಿಜೆ’ ಎನ್ನುತ್ತಾರೆ. ಒಂದು ಚಿಟಿಕೆ ಕಿತ್ತು ಅಂಗೈಯಲ್ಲಿ ತಿಕ್ಕಿ ನೋಡಿದೆ. ಕಡಲೆಬೇಳೆ ಗಾತ್ರದ ಜಲ್ಲಿ, ಅದರ ಸಂದು ತುಂಬುವಷ್ಟು ಸಣ್ಣ ಮರಳು, ಅದರ ಸಂದಿಗೆ ಇನ್ನೂ ನುಣುಪಾದ ಪುಡಿ. ನೀರು ಹಾಕಿ ರೋಲರ್ ಓಡಿಸಿದರೆ ಈ ಪುಡಿಯೇ ಎಲ್ಲವನ್ನೂ ಕಚ್ಚಿ ಹಿಡಿಯುತ್ತದೆ. ಪುಡಿ ಹೆಚ್ಚಾದರೆ ಮಳೆಗೆ ಕೆಸರು, ಕಡಿಮೆಯಾದರೆ ಜಲ್ಲಿ ಎದ್ದು ಚಕ್ರ ಜಾರುತ್ತದೆ. ಇಲ್ಲಿ ಬೆರಳಲ್ಲಿ ಕೆರೆದರೂ ಬೇಗ ಏಳುತ್ತಿರಲಿಲ್ಲ. ನಮ್ಮ ಸೈಕಲ್ಲುಗಳ ಟೈರು 40 ಮಿ.ಮೀ. ಅಗಲ, ಅವುಗಳ ಅಡಿಯಲ್ಲಿ ಹುರಿಗಡಲೆ ಅಗಿದಂಥ ಸದ್ದು.

ಆದರೆ ಗುಟ್ಟು ಜಲ್ಲಿಯಲ್ಲಿ ಅಲ್ಲ, ವಾಟದಲ್ಲಿ, ಅಂದರೆ ನೀರು ಹರಿದುಹೋಗಲೆಂದು ಕೊಡುವ ಇಳಿಜಾರಿನಲ್ಲಿ. ದಾರಿ ಒಂದು ಮಗ್ಗುಲಿಗೆ ಕಂಡೂ ಕಾಣದಷ್ಟು ವಾಲಿದೆ. ಬೆಳಿಗ್ಗೆ ಅರ್ಧ ಗಂಟೆ ತುಂತುರು ಬಿತ್ತು. ನಾನು ಸೈಕಲ್ ನಿಲ್ಲಿಸಿ, ಕೊಡೆಯೂ ಇಲ್ಲದೆ, ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡುತ್ತಾ ನಿಂತೆ. ತೆಳುವಾಗಿ ಜಾರಿ ಅಂಚಿನ ಹುಲ್ಲಿಗೆ ಇಳಿಯಿತು. ನಡುವೆ ನಿಲ್ಲಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ನಿಂತು ಮಾಡಿಸಿದ್ದ ಒಂದು ಗ್ರಾವೆಲ್ ರಸ್ತೆ ಮೊದಲ ಮಳೆಗಾಲಕ್ಕೇ ಎಮ್ಮೆ ಹೊರಳಿದ ಹೊಂಡದಂತಾಗಿತ್ತು. ಜಲ್ಲಿ ಚೆನ್ನಾಗಿತ್ತು, ದಪ್ಪವೂ ಸರಿಯಿತ್ತು. ವಾಟ ಕೊಡಿಸಿರಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ಆ ವರ್ಷ ಮಳೆ ಜಾಸ್ತಿಯಾಯಿತು ಎಂದು ಬರೆದುಬಿಟ್ಟಿದ್ದೆ.

‘ಅಪ್ಪಾಜಿ, ರಜೆಗೆ ಬಂದಿದ್ದೀರಿ, ತಪಾಸಣೆಗಲ್ಲ’ ಎಂದಳು ಮಗಳು, ಮಳೆಯಂಗಿಯ ಒಳಗಿನಿಂದ.

ಈ ನಾಲೆ ನೀರಾವರಿಯದ್ದಲ್ಲ, ದೋಣಿಗಳದ್ದು. ನಾಂತ್‌ನಿಂದ ಬ್ರೆಸ್ಟ್‌ವರೆಗೆ 364 ಕಿ.ಮೀ. ಇಂಗ್ಲಿಷರ ನೌಕಾಪಡೆ ಸಮುದ್ರದಲ್ಲಿ ಅಡ್ಡಗಟ್ಟುತ್ತಿದ್ದುದರಿಂದ ಬ್ರೆಸ್ಟ್ ಬಂದರಿಗೆ ಒಳನಾಡಿನಿಂದಲೇ ಸರಕು ಸಾಗಿಸಲು ನೆಪೋಲಿಯನ್ ಕಾಲದಲ್ಲಿ ಹೂಡಿದ ಯೋಜನೆ. ನಾಲೆ ಪೂರ್ತಿಯಾದದ್ದು 1842ರಲ್ಲಿ. ಅಷ್ಟರಲ್ಲಿ ನೆಪೋಲಿಯನ್ ಇರಲಿಲ್ಲ, ಯುದ್ಧವೂ ಇರಲಿಲ್ಲ. ಯೋಜನೆ ಮುಗಿಯುವ ಹೊತ್ತಿಗೆ ಅದರ ಕಾರಣವೇ ತೀರಿಹೋಗಿರುವುದು ನನ್ನಂಥವನಿಗೆ ಅಪರಿಚಿತವಲ್ಲ. ಇನ್ನೂ ಪಶ್ಚಿಮಕ್ಕೆ, ಗ್ಲೊಮೆಲ್ ಬಳಿ, ದಿಣ್ಣೆ ಸೀಳಿ ನಾಲೆ ತೋಡಿದವರು ಬ್ರೆಸ್ಟ್ ಸೆರೆಮನೆಯ ಕೈದಿಗಳು. ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಕುದುರೆಗಳು ಎಳೆಯುತ್ತಿದ್ದವು, ಕುದುರೆ ಇಲ್ಲದ ಕಡೆ ಮನುಷ್ಯರು. ನಾವು ಸೈಕಲ್ ತುಳಿಯುತ್ತಿರುವುದು ಆ ಕುದುರೆಗಳ ದಾರಿಯಲ್ಲಿ.

ರೊಆಂ ಊರು ತಲುಪುವಾಗ ಹಸಿವು. ಸೋಮವಾರ, ಬ್ರೆಡ್ ಅಂಗಡಿಗೆ ಬೀಗ. ಪಕ್ಕದ ಅಂಗಡಿ ಮಧ್ಯಾಹ್ನ ಹನ್ನೆರಡಕ್ಕೇ ಬಾಗಿಲು ಹಾಕಿತ್ತು, ನಾವು ಹೋದದ್ದು ಹನ್ನೆರಡೂಕಾಲಿಗೆ. ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ ಇತ್ತು, ನಿನ್ನೆಯ ಅರ್ಧ ಬ್ರೆಡ್ ಇತ್ತು. ಕುಡಿಯುವ ನೀರಿಗೆ ಮಗಳು ಸೀದಾ ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಗೋರಿಗಳ ಮೇಲಿನ ಹೂಕುಂಡಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ. ಇಲ್ಲಿನ ಸೈಕಲ್ ಸವಾರರೆಲ್ಲ ಬಲ್ಲ ವಿಷಯವಂತೆ. ನನಗೆ ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇದನ್ನು ಮನೆಯಲ್ಲಿ ಹೇಳುವುದಿಲ್ಲ.

ರೊಆಂ ದಾಟಿದ ಮೇಲೆ ನಾಲೆ ನದಿಯನ್ನು ಬಿಟ್ಟು ದಿಣ್ಣೆ ಹತ್ತುತ್ತದೆ. ನೀರು ಹತ್ತುವುದು ಹೇಗೆ? ಲಾಕ್‌ಗಳಿಂದ. ಐದು ಮೀಟರೂ ಅಗಲವಿಲ್ಲದ ಕಲ್ಲಿನ ತೊಟ್ಟಿ, ಎರಡು ಕೊನೆಗೂ ಜೋಡಿ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಕೆಳಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ ದೋಣಿ ತಾನಾಗಿ ಏರುತ್ತದೆ. ರೊಆಂನಿಂದ ಪೊಂತಿವಿಗೆ ಸುಮಾರು 25 ಕಿ.ಮೀ. ದೂರದಲ್ಲಿ ಇಂಥವು 54! ದಾರಿ ಪೂರ್ತಿ ಮಟ್ಟಸ, ಲಾಕ್ ಬಳಿ ಮಾತ್ರ ಒಂದು ಪುಟ್ಟ ಏರು, ಮತ್ತೆ ಮಟ್ಟಸ. ಮೆಟ್ಟಿಲು ಹತ್ತಿದ ಹಾಗೆ. ಪ್ರತಿ ಲಾಕ್‌ಗೂ ಒಂದು ಸಂಖ್ಯೆ, ಅದರ ಕಾವಲುಗಾರನಿಗೆಂದು ಕಟ್ಟಿದ ಮನೆಗಳು, ಕಿಟಕಿಯಲ್ಲಿ ಕೆಂಪು ಹೂವು. ಒಂದು ಬಾಗಿಲಿನ ಸಂದಿಯಿಂದ ನೀರು ಸೋರುತ್ತಾ ಕೆಳಗೆ ಜರಿಗಿಡ ಬೆಳೆದಿತ್ತು. ನಮ್ಮ ನಾಲೆಯಲ್ಲಿ ನೀರು ಬಿಡುವ ಸೌಡಿಗಳು ನೆನಪಾದರು. ಅವರಿಗೆ ಇಂಥ ಮನೆ ಇರಲಿಲ್ಲ. ತೂಬಿನ ಪಕ್ಕ ಒಂದು ಟವೆಲ್ ಹಾಸಿಕೊಂಡು ರಾತ್ರಿ ಕಳೆಯುತ್ತಿದ್ದರು.

ಒಂದು ಕಡೆ ದಂಡೆಯಲ್ಲಿ ದೊಡ್ಡ ಬಿಲ. ಹೆಗ್ಗಣದ ಅಣ್ಣನಂಥ ಪ್ರಾಣಿಯೊಂದು, ಕಿತ್ತಳೆ ಬಣ್ಣದ ಹಲ್ಲು ಬಿಟ್ಟುಕೊಂಡು ನೀರಿಗೆ ಜಾರಿತು. ದಕ್ಷಿಣ ಅಮೆರಿಕದಿಂದ ತುಪ್ಪಳಕ್ಕೆಂದು ತಂದು ಸಾಕಿದ್ದು, ತಪ್ಪಿಸಿಕೊಂಡು ಇಲ್ಲಿನ ದಂಡೆಗಳನ್ನೆಲ್ಲ ಕೊರೆಯುತ್ತಿದೆಯಂತೆ. ನಮಗೆ ಏಡಿ, ಇವರಿಗೆ ಇದು.

ದಿಣ್ಣೆಯ ನೆತ್ತಿ ಇಲ್ವೆರ್ನ್. ಅಲ್ಲಿ ನನಗೆ ನಿಜಕ್ಕೂ ಸಂಭ್ರಮವಾಯಿತು. ಎಷ್ಟು ಲಾಕ್ ಕಟ್ಟಿದರೂ ನೆತ್ತಿಗೆ ನೀರು ಬರಬೇಕಲ್ಲ? ಅದಕ್ಕಾಗಿ ಬೊಸ್ಮೆಲೆಯಾಕ್ ಎಂಬಲ್ಲಿ ಅಣೆಕಟ್ಟು ಕಟ್ಟಿ, ಅಲ್ಲಿಂದ ಒಂದು ಕಿರುನಾಲೆ ತಂದಿದ್ದಾರೆ. ಕಾಗೆ ಹಾರಿದಂತೆ ಹೋದರೆ ದೂರ ಹೆಚ್ಚಲ್ಲ. ಕಿರುನಾಲೆಯ ಉದ್ದ ಮಾತ್ರ 60 ಕಿ.ಮೀ.ಗೂ ಹೆಚ್ಚು. ಮಟ್ಟ ಬಿಡದೆ, ಒಂದೊಂದು ದಿಣ್ಣೆಯ ಸೊಂಟವನ್ನೂ ಬಳಸಿ ಬಳಸಿ ಬರುತ್ತದೆ. 1830ರ ಆಸುಪಾಸಿನಲ್ಲಿ, ಮಟ್ಟದ ಯಂತ್ರ ಮತ್ತು ಗುದ್ದಲಿ ಹಿಡಿದು! ಈಗ ಬಹುಪಾಲು ಒಣಗಿದೆ. ಅದರ ಏರಿಯ ಮೇಲೂ ನಡೆಯುವವರಿಗೆ, ಸೈಕಲ್ಲಿನವರಿಗೆ ದಾರಿ ಇದೆ. ‘ಹಾಗೇ ಒಂದು ಐದು ಕಿ.ಮೀ. ನೋಡಿಕೊಂಡು ಬರೋಣವೇ?’ ಎಂದೆ. ಮಗಳು ತನ್ನ ಕಾಲು ತೋರಿಸಿದಳು. ಸುಮ್ಮನಾದೆ.

ಅಲ್ಲಿಂದ ಇಳಿಜಾರು. ಬ್ಲಾವೆ ನದಿಯ ಹತ್ತಿರ ಬರುವಷ್ಟರಲ್ಲಿ ನಾನು ಹಿಂದೆ ತಿರುಗಿ ನೋಡುವುದನ್ನು ಬಿಟ್ಟಿದ್ದೆ ಎಂದು ಮಗಳೇ ಹೇಳಿದಳು. ಪೊಂತಿವಿ ಊರೊಳಗೆ ಕಾಲಿಟ್ಟ ಕೂಡಲೇ ಒಂದು ಕಾರು ಪಕ್ಕದಲ್ಲಿ ಸರ್ರನೆ ಹೋಯಿತು. ನಾನು ಸೈಕಲ್ ಇಳಿದು ತಳ್ಳಿಕೊಂಡು ಬಂದೆ.

ಸಂಜೆ ಗಾಲೆತ್ ತಿಂದೆವು. ಕಪ್ಪು ಹಿಟ್ಟಿನದು, ಕಣ್ಣಿಗೆ ರಾಗಿದೋಸೆ, ಬಾಯಿಗೆ ಅಲ್ಲ. ಚಟ್ನಿಪುಡಿ ಉದುರಿಸಿಕೊಂಡದ್ದನ್ನು ಬಡಿಸಿದಾಕೆ ದೂರದಿಂದ ಅನುಮಾನದಿಂದ ನೋಡಿದಳು.

ಆರು ಗಂಟೆಗೆ ಮನೆಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಆಗ ರಾತ್ರಿ ಒಂಬತ್ತೂವರೆ. ‘ಹೇಗಿತ್ತು ರೀ ದಾರಿ?’ ಎಂದಳು. ವಾಟದ ವಿಷಯ ಶುರು ಮಾಡಿದೆ. ‘ಅದಿರಲಿ, ಊಟ ಏನು ಮಾಡಿದಿರಿ, ನೀರು ಕಾಯಿಸಿದ್ದೇ ಕುಡಿಯುತ್ತಿದ್ದೀರಿ ತಾನೆ?’ ಎಂದಳು. ಪಕ್ಕದಲ್ಲಿ ಮಗಳು ಕೆಮ್ಮಿದಳು.