ಗಾಡಿ ಕಾಯ್ತಿದೆ ಸಾರ್

ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನು. "ಸಾರ್, ಗಾಡಿ ಕಾಯ್ತಿದೆ." ನಾನು ಮುದ್ದೆ ಮುರಿಯುತ್ತಾ, "ಕಾಯ್ಲಿ ಬಿಡಣ್ಣ, ಹತ್ತು ನಿಮಿಷದಲ್ಲಿ ಬರ್ತೀನಿ" ಅಂದೆ. ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ "ಆಯ್ತು ಸಾರ್" ಅಂತ ಇಟ್ಟುಬಿಟ್ಟರು.

ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ಕನ್ನಡ ಒಂದೇ ಮಾತಿಟ್ಟುಕೊಂಡಿದ್ದರೆ ನಾನೇನು ಮಾಡಲಿ! ಬೆಂಗಳೂರಿನ ಹೊರವಲಯದ ಗಾಲ್ಫ್ ಮೈದಾನ ನಮ್ಮದು. ಹುಲ್ಲು ಕತ್ತರಿಸುವುದು ಮೂರು ಸಿಲಿಂಡರಿನ ಹಳೇ ಡೀಸೆಲ್ ಗಾಡಿ. ಹೋಗಿ ನೋಡಿದರೆ ಬಜರ್ ಕಿರುಚುತ್ತಿದೆ, ಬಿಸಿ ತೋರಿಸುವ ಮುಳ್ಳು ಕೆಂಪಿನಲ್ಲಿದೆ, ಫೋನು ಮಾಡಿದ್ದ ಅಣ್ಣ ಎಂಜಿನ್ ಆರಿಸಿ ಮರದ ನೆರಳಲ್ಲಿ ಕೂತಿದ್ದಾರೆ.

"ಸೆನ್ಸರ್ ಹೋಗಿರುತ್ತೆ ಕಣ್ರೀ, ವೈರ್ ಕಿತ್ತಾಕಿ" ಅಂದರು ಮ್ಯಾನೇಜರು. ಶನಿವಾರದ ಪಂದ್ಯದ ಚಿಂತೆ ಅವರಿಗೆ. ಒಳ್ಳೆಯ ಮನುಷ್ಯ, ಆದರೆ ಬಿಸಿಲಿಗೆ ಇಳಿದವರಲ್ಲ. ಆ ವೈರ್ ಕಿತ್ತರೆ ಈ ಗಾಡಿಯ ಮುಳ್ಳು ತಣ್ಣಗೆ ತಳದಲ್ಲಿ ಮಲಗುತ್ತದೆ. ಎಂಜಿನ್ ಹೆಡ್ ಸೊಟ್ಟಗಾಗುವವರೆಗೂ ಎಲ್ಲ ಕ್ಷೇಮ ಅಂತಲೇ ತೋರಿಸುತ್ತಿರುತ್ತದೆ.

ಎಂಜಿನ್ ಆರಿದ ಮೇಲೆ ಸೆನ್ಸರ್ ಬಿಚ್ಚಿಕೊಂಡು ಕ್ಯಾಂಟೀನಿಗೆ ಹೋದೆವು. ಅಕ್ಕ ಹಾಲಿನ ಪಾತ್ರೆ ಕೊಡಲಿಲ್ಲ. ಕೊಡದಿದ್ದದ್ದೇ ಸರಿ, ಸೆನ್ಸರಿಗೆ ಅಂಟಿರುವ ಕೂಲಂಟ್, ಅಂದರೆ ಎಂಜಿನ್ ತಂಪಿಡುವ ದ್ರವ, ವಿಷ. ಕಿವಿ ಮುರಿದ ಹಳೇ ಬೋಸಿಯೊಂದು ಸಿಕ್ಕಿತು. ಸೆನ್ಸರಿನ ತುದಿ ತಳಕ್ಕೆ ತಾಗದ ಹಾಗೆ ತಂತಿಯಲ್ಲಿ ನೇತುಹಾಕಿ, ಪಕ್ಕದಲ್ಲೇ ಥರ್ಮಾಮೀಟರ್ ಇಳಿಬಿಟ್ಟು, ವಿದ್ಯುತ್ ತಡೆ ಅಳೆಯಲು ಮಲ್ಟಿಮೀಟರ್ ಜೋಡಿಸಿದೆವು. ನಲ್ಲಿ ನೀರಿನಲ್ಲಿ 2,000 ಓಮ್ ಆಸುಪಾಸು. 60 ಡಿಗ್ರಿಗೆ 600. 80ಕ್ಕೆ 320.

"ಬಿಸಿ ಏರ್ತಿದೆ, ನಂಬರ್ ಇಳೀತಿದೆ. ಹಾಳಾಗಿದೆ ಸಾರ್!" ಅಂದ ಸ್ಟೋರ್ ಹುಡುಗ. ಇಲ್ಲ ಮಾರಾಯ, ಇದರ ಗುಣವೇ ಹಾಗೆ, ಕಾದಷ್ಟೂ ತಡೆ ಕಮ್ಮಿ. ನೀರು ಕೊತಕೊತ ಕುದಿಯುವಾಗ ಥರ್ಮಾಮೀಟರ್ 97ಕ್ಕೆ ನಿಂತಿತು. ಹುಡುಗ ಈಗ ಅದರ ಮೇಲೂ ದೂರು ಹೇಳಿದ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು 100 ಮುಟ್ಟುವ ಮೊದಲೇ ಕುದಿಯುತ್ತದೆ ಅಂದರೆ ಅಕ್ಕನೂ ನಂಬಲಿಲ್ಲ.

ಎಲ್ಲ ಅಂಕಿಯೂ ಮ್ಯಾನುಯಲ್ಲಿನ ಪಟ್ಟಿಗೆ ಹೊಂದುತ್ತಿತ್ತು. ಸೆನ್ಸರ್ ಸರಿಯಾಗಿಯೇ ಹೇಳುತ್ತಿತ್ತು.

ಹಾಗಾದರೆ ಬಿಸಿ ನಿಜ. ಮುಂದಿನ ಜಾಲರಿ ದಿನಾ ಒರೆಸುತ್ತೇವೆ, ಫಳಫಳ ಅನ್ನುತ್ತದೆ. ಅದನ್ನು ಬಿಚ್ಚಿ, ಎಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆದಾಗ ರೇಡಿಯೇಟರಿನ ಸಂದಿಗಳಿಂದ ಒಣಹುಲ್ಲಿನ ಪುಡಿ ಕಂಬಳಿ ತುಂಡಿನ ಹಾಗೆ ಕಿತ್ತು ಬಂತು. ಒಂದಲ್ಲ, ಒಂದು ಬುಟ್ಟಿ.

ಮನೆಯಲ್ಲಿ ಬಿಪಿ ಮಿಷನ್ ಜಾಸ್ತಿ ತೋರಿಸಿದ ದಿನ ಅಪ್ಪ, "ಸೆಲ್ಲು ಬದಲಾಯಿಸಿ ನೋಡೋ" ಅನ್ನುತ್ತಾರೆ. ಕಮ್ಮಿ ತೋರಿಸಿದ ದಿನ ಸೆಲ್ಲಿನ ಮೇಲೆ ಯಾರಿಗೂ ಅನುಮಾನವಿಲ್ಲ. ಮ್ಯಾನೇಜರನ್ನು ಆಡಿಕೊಂಡು ಏನು ಬಂತು? ನಾನಾದರೂ ಮೊದಲು ಬಿಚ್ಚಿದ್ದು ಸೆನ್ಸರನ್ನೇ. ಜಾಲರಿ ಬಿಚ್ಚಲು ನಾಲ್ಕು ಬೋಲ್ಟು ಸಾಕಿತ್ತು.

"ಕಾಯ್ಲಿ ಬಿಡಣ್ಣ." ನಾಲ್ಕು ದಿನದಿಂದ ತಲೆಯಲ್ಲಿ ಅದೇ ಓಡುತ್ತಿದೆ. ಆ ಒಂದು ಗಳಿಗೆ ಅವರು ಏನಂದುಕೊಂಡಿರಬಹುದು? ತಿದ್ದಬಹುದಿತ್ತಲ್ಲ, "ಬಿಸಿಯಾಗ್ತಿದೆ ಸಾರ್" ಅಂತ. ನನಗಿಂತ ಹದಿನೈದು ವರ್ಷ ದೊಡ್ಡವರು, ನನ್ನನ್ನು ಸಾರ್ ಅನ್ನುತ್ತಾರೆ. ಕೇಳಿದರೆ ನಕ್ಕು, "ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ" ಅಂದರು.

ಯಾಕೆ ಗೊತ್ತಿರಬೇಕಿತ್ತು ಅಂತ ನಿನ್ನೆ ಲಾಗ್ ಪುಸ್ತಕ ತೆಗೆದಾಗ ತಿಳಿಯಿತು. ಹಿಂದಿನ ಎರಡು ವಾರದಲ್ಲಿ ಮೂರು ಸಲ, ಅವರ ದುಂಡು ಅಕ್ಷರದಲ್ಲಿ: "ಗಾಡಿ ಕಾಯುತಿದೆ. ಮದ್ಯಾನ ಜಾಸ್ತಿ." ಮೂರಕ್ಕೂ ಪಕ್ಕದಲ್ಲಿ ನನ್ನ ಸಹಿ. ಕೊನೆಯದಕ್ಕೆ, ಸಹಿಯ ಮೇಲೆ, "ಪರಿಶೀಲಿಸಲಾಗಿದೆ" ಅಂತಲೂ ಬರೆದಿದ್ದೇನೆ.